ಗಾದ್ರಮ್ಮನ ಹೆಸರು ಕೂಗುವ ಸರದಿ

ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಹೋಗುವುದೆಂದರೆ ಬರೀ ಬೀಗದ ಕೆಲಸವಲ್ಲ. ಗುಡಾಣದ ರಾಗಿಗೆ ಬೇವಿನ ಸೊಪ್ಪು ಹಾಕಿ ಬಾಯಿ ಮೆತ್ತಬೇಕು. ಗೋಡೆಯ ಬುಡಕ್ಕೆಲ್ಲ ಬೂದಿ ಸುರಿಯಬೇಕು, ಇಲ್ಲದಿದ್ದರೆ ಬರುವಷ್ಟರಲ್ಲಿ ಗೆದ್ದಲು ಜಂತೆಗೆ ಹತ್ತಿರುತ್ತದೆ. ಕೋಳಿಗಳನ್ನು ಪಕ್ಕದ ಮನೆಯ ಓಬಣ್ಣನಿಗೆ ಒಪ್ಪಿಸಬೇಕು, ಕೊಡಗಳನ್ನೆಲ್ಲ ಬೋರಲು ಹಾಕಬೇಕು. ಪ್ರತಿ ವರ್ಷ ಗೌರಿ ಹಬ್ಬ ಮುಗಿಸಿ ನಾವು ಬಿಳಿಚೋಡಿನಿಂದ ಚನ್ನಗಿರಿಗೆ ಅಡಿಕೆ ಸುಲಿಯಲು ಹೋಗುತ್ತೇವೆ, ಸಂಕ್ರಾಂತಿಗೆ ಮುಂಚೆ ಬರುತ್ತೇವೆ. ಇದೆಲ್ಲ ನನಗೆ ಕಣ್ಣು ಮುಚ್ಚಿ ಮಾಡುವಷ್ಟು ರೂಢಿ.

ಈ ವರ್ಷ ಮಾತ್ರ ಒಂದು ಕೊಡವನ್ನು ನಾನು ಬೋರಲು ಹಾಕಲಿಲ್ಲ. ನೀರು ತುಂಬಿ, ಲೋಟ ಮುಚ್ಚಿ, ಗಂಗೋತ್ರಿಯ ಕೈಗೆ ಎಟುಕುವ ಹಾಗೆ ನೆಲದ ಮೇಲೇ ಇಟ್ಟೆ. ಗಂಗೋತ್ರಿ ನನ್ನ ಮಗಳು. ಹೋದ ವರ್ಷ ಚನ್ನಗಿರಿಯ ಅಡಿಕೆ ಶೆಡ್ಡಿನಲ್ಲಿ ಜ್ವರ ಬಂದು ತೀರಿಕೊಂಡಳು. ಅಲ್ಲೇ ಕೆರೆಯ ಹಿಂದೆ ಮಣ್ಣು ಮಾಡಿದೆವು.

ಮಣ್ಣು ಮಾಡಿದ್ದು ಅಲ್ಲಿ, ನಿಜ. ಆದರೆ ಅವಳು ನಮ್ಮ ಜೊತೆ ಮನೆಗೆ ಬಂದಳೆಂದು ನಾನು ನಂಬಿದ್ದೆ. ನಂಬದೆ ಏನು ಮಾಡಲಿ? ನಮ್ಮ ಓಣಿಯಲ್ಲಿ ಒಂದೇ ಒಂದು ಅಡಿಕೆ ಮರವಿಲ್ಲ. ಆದರೂ ಬೆಳಗ್ಗೆ ಕಸ ಗುಡಿಸುವಾಗ ಅವಳು ಮಲಗುತ್ತಿದ್ದ ಜಾಗದಲ್ಲಿ ಅಡಿಕೆ ಸಿಪ್ಪೆಯ ನಾರು ಸಿಗುತ್ತಿತ್ತು. ಬಟ್ಟೆಗೆ ಅಂಟಿಕೊಂಡು ಬಂದಿರುತ್ತದೆ ಎಂದರು ನಮ್ಮ ಮನೆಯವರು. ಅಷ್ಟು ಸಲ ಒಗೆದ ಬಟ್ಟೆಯಲ್ಲಿ ಎಂಥ ನಾರು ಉಳಿಯುತ್ತದೆ? ಗಂಡಸರಿಗೆ ಏನಾದರೊಂದು ಹೇಳಿ ಮಾತು ಮುಗಿಸಿದರೆ ಸಾಕು. ಈಗ ಬೀಗ ಬಿದ್ದರೆ ಅವಳು ಕತ್ತಲೆಯಲ್ಲಿ ಒಬ್ಬಳೇ ಉಳಿಯುತ್ತಾಳಲ್ಲ ಎಂಬುದೇ ನನ್ನ ಸಂಕಟ.

ಅವಳು ಬಂದದ್ದು ನಮ್ಮತ್ತೆ ಕೂಗಿದ್ದಕ್ಕೆ. ಮಾವ ಇದ್ದಾಗ ಈ ಮನೆಯವರದು ಕುರಿ ಹೊಡೆದುಕೊಂಡು ಊರೂರು ತಿರುಗುವ ಬಾಳು. ನಸುಕಿನಲ್ಲಿ ಬಿಡಾರ ಕೀಳುವಾಗ ಯಾರೂ ನಿದ್ದೆಗಣ್ಣಿನಲ್ಲಿ ಹಿಂದೆ ಉಳಿಯಬಾರದೆಂದು ಹಿರಿಯರು ಒಬ್ಬೊಬ್ಬರ ಹೆಸರು ಕೂಗುವುದು, ಅವರು ‘ಬಂದೆ’ ಎನ್ನುವುದು. ಕೊನೆಗೆ ಕೂಗಿದ ಹಿರಿಯರನ್ನೇ ಎಲ್ಲರಿಗಿಂತ ಚಿಕ್ಕವರು ಹೆಸರು ಹಿಡಿದು ಕೂಗುವುದು. ಕುರಿ ಮಾರಿ ಎಷ್ಟೋ ಕಾಲವಾದರೂ ಅತ್ತೆ ಈ ಪದ್ಧತಿ ಬಿಟ್ಟಿರಲಿಲ್ಲ. ಮಾತು ಬಂದಾಗಿನಿಂದ ಆ ಕೊನೆಯ ಸರದಿ ಗಂಗೋತ್ರಿಯದು. ಅಜ್ಜಿಯ ಹೆಸರು ಹಿಡಿದರೂ ಯಾರೂ ಬೈಯದ ಗಳಿಗೆ ಅದೊಂದೇ. ಸೊಂಟದ ಮೇಲೆ ಕೈ ಇಟ್ಟು ‘ಗಾದ್ರಮ್ಮೋ’ ಎಂದು ಓಣಿಗೆಲ್ಲ ಕೇಳುವ ಹಾಗೆ ರಾಗ ಎಳೆಯುತ್ತಿದ್ದಳು. ಎಳೆದು ಎಳೆದು ಕೆಮ್ಮು ಬರಿಸಿಕೊಳ್ಳುತ್ತಿದ್ದಳು.

ಹೋದ ವರ್ಷ ಚನ್ನಗಿರಿಯಿಂದ ವಾಪಸು ಹೊರಡುವಾಗ ಅತ್ತೆ ರೂಢಿಯಂತೆ ಅವಳ ಹೆಸರನ್ನೂ ಕೂಗಿಬಿಟ್ಟರು. ಉತ್ತರ ಬರಲಿಲ್ಲ. ಅತ್ತೆಯನ್ನು ಕೂಗುವವರೂ ಇರಲಿಲ್ಲ. ಹಾಗೇ ಗಾಡಿ ಹತ್ತಿದೆವು.

ಅಂದಿನಿಂದ ಅತ್ತೆ ಇದ್ದೂ ಇಲ್ಲದಂತಿದ್ದರು. ಎಷ್ಟೋ ಸಲ ಕರೆದರೆ ಒಮ್ಮೆ ಓಗೊಡುವರು. ಮುಂದಿಟ್ಟ ಮುದ್ದೆ ಆರಿ ಗಟ್ಟಿಯಾದರೂ ಮುಟ್ಟುತ್ತಿರಲಿಲ್ಲ. ಹೊರಡುವ ಹಿಂದಿನ ದಿನ ಮಾತ್ರ ಎಲ್ಲಿಂದಲೋ ಕಸುವು ಬಂದವರಂತೆ ಎದ್ದು, ನಾನಿಟ್ಟ ಕೊಡವನ್ನು ಎತ್ತಿ ನೀರನ್ನು ಅಂಗಳಕ್ಕೆ ಚೆಲ್ಲಿದರು. ನನಗೆ ಮೈ ಉರಿಯಿತು. ನನ್ನ ಮಗಳಿಗೆ ಬಾಯಾರಿದರೆ ಯಾರನ್ನು ಕೇಳಬೇಕು ಎಂದು ಜಗಳಕ್ಕೇ ನಿಂತೆ.

“ಅವಳು ಇಲ್ಲಿಗೆ ಬಂದಿಲ್ಲ ಕಣವ್ವ ಪುಷ್ಪಾ,” ಅಂದರು ಅತ್ತೆ. “ನಾನೂ ಬಂದಿಲ್ಲ. ನನ್ನ ಯಾರೂ ಕೂಗ್ಲಿಲ್ಲವಲ್ಲ. ಇಬ್ರೂ ಅಲ್ಲೇ ಶೆಡ್ಡಿನಾಗೆ ಕುಂತೀವಿ.”

ಅವರು ಬೋರಲು ಹಾಕಿದ ಕೊಡದ ಮೇಲೆ ಕೈಯಿಟ್ಟು, ಈ ಸಲವಾದರೂ ಕೂಗು, ಈಗ ನೀನೇ ಚಿಕ್ಕವಳು ಎಂದು ಅಂಗಲಾಚಿದರು. ಸೊಸೆಯಾದವಳು ಅತ್ತೆಯ ಹೆಸರು ಎತ್ತುವಂತಿಲ್ಲ ಎಂದು ನೆವ ಹೇಳಿದೆ. ನಿಜ ಅದಲ್ಲ. ಆ ಸರದಿ ನನ್ನ ಮಗಳದು. ಅದನ್ನು ನಾನು ತೆಗೆದುಕೊಂಡರೆ ಅವಳಿಲ್ಲ ಎಂದು ನಾನೇ ಒಪ್ಪಿದಂತೆ. ಒಂಬತ್ತು ತಿಂಗಳು ಹೊತ್ತವಳಿಗೆ ಅಷ್ಟು ಸುಲಭವೇ?

ಬೆಳಗ್ಗೆ ಚನ್ನಗಿರಿಯ ಗಾಡಿ ಬಂತು. ಗಂಟುಮೂಟೆ ಹೇರಿದ್ದಾಯಿತು. ಹೋದವರ ಹೆಸರು ಕೂಗಬಾರದೆಂದು ನಮ್ಮ ಮನೆಯವರು ತಾಯಿಗೆ ಮೊದಲೇ ತಾಕೀತು ಮಾಡಿದ್ದರು. ಅತ್ತೆ ಹೊಸ್ತಿಲ ಹೊರಗೆ ನಿಂತು ಆಂಜನೇಯ ಎಂದರು, ಇವರು ಬಂದೆ ಎಂದರು. ಪುಷ್ಪಾ ಎಂದರು, ನಾನೂ ಬಂದೆ ಎಂದೆ. ಆಮೇಲೆ ಅವರ ತುಟಿ ಅಲ್ಲಾಡಿತು, ದನಿ ಹೊರಡಲಿಲ್ಲ. ಇವರು ಬಾಗಿಲೆಳೆದು, ನಮಗೆ ಬೆನ್ನು ಮಾಡಿ, ತುಕ್ಕು ಹಿಡಿದ ಬೀಗದ ಜೊತೆ ಗುದ್ದಾಡತೊಡಗಿದರು.

ಅತ್ತೆ ನಿಂತಲ್ಲೇ ನಿಂತಿದ್ದರು. ಜಾತ್ರೆಯಲ್ಲಿ ಕೈತಪ್ಪಿದ ಮಗುವಿನ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. “ಗಾದ್ರಮ್ಮ,” ಎಂದೆ. ಒಂದೇ ಸಲ, ಸಣ್ಣ ದನಿಯಲ್ಲಿ.

ಅವರು ಓಗೊಡಲಿಲ್ಲ. ನಾನು ಸೋತು ನೆಲ ನೋಡಿದೆ. ಅಷ್ಟರಲ್ಲಿ ಅತ್ತೆಯ ಮುಖ ಅರಳಿತು. “ಬಂದೆ ಕಣೇ ಗಂಗೀ,” ಎನ್ನುತ್ತಾ ಸರಸರನೆ ಹೋಗಿ ಗಾಡಿ ಹತ್ತಿದರು. ಕೂಗಿದ್ದು ನಾನು, ಓಗೊಟ್ಟದ್ದು ಅವಳಿಗೆ. ಹೊಟ್ಟೆಕಿಚ್ಚು ಪಟ್ಟೆ, ಸುಳ್ಳು ಯಾಕೆ ಹೇಳಲಿ. ಕಣ್ಣೊರೆಸಿಕೊಂಡು ಹಿಂದೆಯೇ ಹತ್ತಿ ಕೂತೆ. ಆಮೇಲೆ ಬೀಗ ಬಿದ್ದ ಸದ್ದು ಕೇಳಿತು.

ದಾವಣಗೆರೆ ದಾಟಿದ ಮೇಲೆ ಅತ್ತೆ ತಾವಾಗಿಯೇ ಕೇಳಿ ರೊಟ್ಟಿ ತಿಂದರು, ಮೂಟೆಗೆ ಒರಗಿ ನಿದ್ದೆ ಹೋದರು. ನಮ್ಮ ಮನೆಯವರು ನನ್ನ ಕಡೆ ಸರಿದು ಕೂತರು.

“ನೀನು ಒಂದ್ಸಲ ಕೂಗಿದ್ದೆ, ಅಷ್ಟು ಸಾಕಿತ್ತು,” ಅಂದರು ಮೆಲ್ಲಗೆ. “ಗಾಡಿ ಹತ್ತಿ ಮತ್ತೆ ಯಾಕೆ ಹಂಗೆ ರಾಗ ಎಳೆದೆ? ಆ ಕೆಮ್ಮು ಬೇರೆ. ನನಗೆ ಬೀಗ ಹಾಕಾಕೆ ಕೈ ಬರ್ಲಿಲ್ಲ.”

ನಾನು ರಾಗ ಎಳೆದಿರಲಿಲ್ಲ, ಕೆಮ್ಮಿರಲೂ ಇಲ್ಲ; ಅತ್ತೆ ಓಗೊಡುವವರೆಗೆ ಗಾಡಿಯ ಹತ್ತಿರವೂ ಹೋಗಿರಲಿಲ್ಲ. ಮಡಿಲ ಮೇಲಿದ್ದ ಬಟ್ಟೆಯ ಗಂಟನ್ನು ತೆಗೆದು ಕೆಳಗಿಟ್ಟು, ಕಾಲು ಮಡಚಿ ಸರಿಯಾಗಿ ಕೂತು, ಮಡಿಲು ಖಾಲಿ ಮಾಡಿಕೊಂಡೆ.