ಎಂಟು ಪ್ಲೇಟು ಆರಿಸಿದ ಕಥೆ

ಮಾಲೀಕರ ಅಳಿಯಂದಿರು ಕಾರ್ಖಾನೆಗೆ ಮ್ಯಾನೇಜರಾಗಿ ಬಂದು ಒಂಬತ್ತು ದಿನವಾಗಿತ್ತು. ಅಷ್ಟರಲ್ಲೇ ಉಕ್ಕಿನ ಬಗ್ಗೆ ಉಕ್ಕಿಗೂ ಗೊತ್ತಿಲ್ಲದ್ದನ್ನೆಲ್ಲ ಕಲಿತುಬಿಟ್ಟಿದ್ದರು. ಬಾಯಲ್ಲಿ ಹೇಳುವುದು ಅವರ ಅಂತಸ್ತಿಗೆ ಕಡಿಮೆ, ಎಲ್ಲವೂ ಚೀಟಿಯಲ್ಲೇ. ಆ ದಿನ ಕುಲುಮೆ ಮೇಸ್ತ್ರಿಗೆ ಬಂದ ಚೀಟಿ: "ದಪ್ಪ ಪ್ಲೇಟು ಎಂಟು ಆರಿಸಿ. ಸಂಜೆ ಲಾರಿ."

ಎಂಟೂ ಕೆಂಪಗೆ ಕಾದು ಕುಲುಮೆಯಲ್ಲಿದ್ದವು. ಕಲ್ಲು ಪುಡಿಮಾಡುವ ಯಂತ್ರದ ಒಳಮೈಗೆ ಹೋಗುವಂಥವು. ನೀರಿಗೆ ಇಳಿಸಿ ತಟ್ಟನೆ ತಣಿಸಿದರಷ್ಟೇ ಗಡಸಾಗುತ್ತವೆ. ಗಾಳಿಯಲ್ಲಿ ನಿಧಾನವಾಗಿ ಆರಿದರೆ ಮೆತ್ತಗಾಗಿ ಬೇಗ ಸವೆಯುತ್ತವೆ. ಮೇಸ್ತ್ರಿಗೆ ಇದು ಇಪ್ಪತ್ತಾರು ವರ್ಷದಿಂದ ಗೊತ್ತು. ಆದರೆ ಹಿಂದಿನ ದಿನವಷ್ಟೇ ಅಳಿಯಂದಿರು ಎಲ್ಲರೆದುರು, "ತಲೆ ಓಡಿಸ್ಬೇಡಿ, ಬರ್ದಿದ್ದು ಮಾಡಿ. ಇಲ್ಲಾಂದ್ರೆ ಮನೇಲಿರಿ" ಎಂದಿದ್ದರು. ಹೋಗಿ ಕೇಳಬಹುದಿತ್ತು. ಸಿಟ್ಟು ಬಿಡಲಿಲ್ಲ. ಪ್ಲೇಟುಗಳನ್ನು ಹೊರಗೆಳೆದು, ಒಗೆದ ಬಟ್ಟೆಯ ಹಾಗೆ ಸಾಲಾಗಿ ಗಾಳಿಗೆ ಹರವಿದ.

ಮಧ್ಯಾಹ್ನ ಗಡಸುತನ ಅಳೆಯುವ ಹೆಂಗಸು ಬಂದು ನೋಡಿದಳು. "ಅಣ್ಣಾ, ನಮ್ಮತ್ತೆ ಮನಸ್ಸು ಇದರ ಅರ್ಧ ಮೆತ್ತಗಿದ್ದಿದ್ರೆ ನಾನು ಕೆಲಸಕ್ಕೇ ಬರ್ತಿರ್ಲಿಲ್ಲ."

ಸುದ್ದಿ ಕೇಳಿ ಅಳಿಯಂದಿರು ಓಡಿ ಬಂದರು. "ಯಾರು ಗಾಳಿಗೆ ಹಾಕಿದ್ದು?"

"ಆರಿಸಿ ಅಂದ್ರಿ, ಆರಿಸ್ದೆ."

"ಆರಿಸೋದು ಅಂದ್ರೆ ಚೆನ್ನಾಗಿರೋದನ್ನ ನೋಡಿ ತೆಗೆಯೋದು ಕಣ್ರೀ."

"ಒಳಗಿದ್ದದ್ದೇ ಎಂಟು ಸಾರ್. ಅದರಲ್ಲಿ ಎಂಟನ್ನ ಹೆಂಗೆ ನೋಡಿ ತೆಗೀಲಿ?"

ಅಳಿಯಂದಿರು ಜ್ಞಾನಿಗಳ ಹಾಗೆ ಪ್ಲೇಟುಗಳಿಗೆ ಒಂದು ಸುತ್ತು ಬಂದರು. ಆಮೇಲೆ, "ಬಣ್ಣ ಬಳಿದು ಕಳಿಸಿ. ಮೇಲ್ನೋಟಕ್ಕೆ ಯಾರಿಗೆ ಗೊತ್ತಾಗುತ್ತೆ?" ಎಂದರು.

ಹೊರಡುವ ಪ್ರತಿ ಪ್ಲೇಟಿನ ಅಂಚಿಗೂ ಮೇಸ್ತ್ರಿ ತನ್ನ ನಂಬರಿನ ಅಚ್ಚು ಹೊಡೆಯಬೇಕು. "ಇದಕ್ಕೆ ನಾನು ಹೊಡೆಯಲ್ಲ. ಮತ್ತೆ ಕಾಯಿಸಿ ನೀರಿಗೆ ಬಿಡ್ಬೇಕು. ಆಮೇಲೆ ಹದವಾಗಿ ಇನ್ನೊಂದ್ಸಲ ಬಿಸಿ ಮಾಡ್ಬೇಕು, ಇಲ್ಲಾಂದ್ರೆ ಬಿರುಕು ಬಿಡ್ತವೆ. ನಾಳೆ ಸಂಜೆಯಾಗುತ್ತೆ."

"ಹಾಗಾದ್ರೆ ಮನೇಗೆ ಹೋಗಿ."

"ಹೋಗ್ತೀನಿ." ಮನೆಯಲ್ಲಿ ಮೂರು ಜನ ಇವನ ದುಡಿಮೆಯನ್ನೇ ನಂಬಿದ್ದರು. ಸುತ್ತಿಗೆ ತೆಗೆದು ಅಳಿಯಂದಿರ ಕೈಗಿಟ್ಟ. "ನೀವೇ ಹೊಡೀರಿ. ನನ್ನ ನಂಬರಲ್ಲ, ನಿಮ್ಮ ಹೆಸರು. ಪ್ಲೇಟು ಸವೆದಾಗ ಯಾರನ್ನ ಕೇಳ್ಬೇಕು ಅಂತ ಕೊಂಡವರಿಗೂ ಗೊತ್ತಾಗ್ಲಿ."

ಅಳಿಯಂದಿರು ಸುತ್ತಿಗೆಯ ತೂಕ ನೋಡಿದರು, ಪ್ಲೇಟು ನೋಡಿದರು, ಮಾವನವರ ಕೋಣೆಯ ಬಾಗಿಲನ್ನೂ ನೋಡಿದರು. ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟು, ಫೋನು ಹಿಡಿದು ದೂರ ಹೋದರು. ಲಾರಿ ನಾಳೆ ಬಂದರೆ ಸಾಕು ಎನ್ನುವ ದನಿ ಎಂದೂ ಇಲ್ಲದಷ್ಟು ಮೆತ್ತಗಿತ್ತು.

ಮನೆಗೆ ಹೋಗು ಎಂದು ಮೇಸ್ತ್ರಿಗೆ ಮತ್ತೆ ಯಾರೂ ಹೇಳಲಿಲ್ಲ. ಅವನು ಕುಲುಮೆಯ ಬಾಗಿಲೆತ್ತಿ ಮೊದಲನೇ ಪ್ಲೇಟನ್ನು ಒಳಗೆ ದೂಡಿದ.