ಡಿಸ್ಕಿಗಾಗಿ ಕಾಯುತ್ತಿದೆ

ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ ಅತ್ತೆ ಎಂದಿನಂತೆ ನನಗಿಂತ ಮೊದಲೇ ಎದ್ದಿದ್ದರು. ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಲೋಟಗಳಿದ್ದವು. ಮೂರನೆಯದನ್ನು ಅವರೇ ಒಳಗಿಟ್ಟಿರಬೇಕು.

ಫೋನ್ ಬಂತು. ಫೋಟೋ ಸ್ಟುಡಿಯೋದ ಫ್ಲ್ಯಾಶ್. ನನ್ನ ಗಂಡನ ಗೆಳೆಯ; ಮಾತಾಡುವಾಗ ಕಣ್ಣು ಪಟಪಟ ಬಡಿಯುತ್ತಾನೆಂದು ಅವರೇ ಇಟ್ಟ ಹೆಸರು.

“ಅತ್ತಿಗೆ, ಇವತ್ತು ಕೇಳಬಾರದು. ಆದ್ರೆ ನನ್ನ ಹಾರ್ಡ್‌ಡಿಸ್ಕು ನಿಮ್ಮನೇಲಿದೆ. ಒಂದು ಮದುವೆ ಪೂರ್ತಿ ಅದರಲ್ಲೇ ಇದೆ. ಹುಡುಗಿ ಅಪ್ಪ ದಿನಾ ಬಂದು ತಲೆ ತಿಂತಾರೆ.”

“ತಂದುಕೊಡ್ತೀನಿ.”

“ನಾನೇ ಬರಬೇಕಿತ್ತು. ಅಮ್ಮನ ಮುಖ ನೋಡೋ ಧೈರ್ಯ ಇಲ್ಲ.”

ಡಿಸ್ಕು ಅಡುಗೆಮನೆಯ ಕಪಾಟಿನ ಮೇಲಿತ್ತು, ಇಸ್ಪೀಟೆಲೆಯಷ್ಟೇ ದೊಡ್ಡದಾದ ಲಿನಕ್ಸ್ ಕಂಪ್ಯೂಟರಿಗೆ ಅಂಟಿಕೊಂಡು. ಒಂದು ಕೆಟ್ಟ ಜ್ವರದ ನಂತರ ಅತ್ತೆಗೆ ವಾಸನೆ ತಿಳಿಯುವುದಿಲ್ಲ. ಎರಡು ಸಲ ಗ್ಯಾಸು ತೆರೆದಿಟ್ಟೇ ಮರೆತಿದ್ದರು. ಆಮೇಲೆ ನನ್ನ ಗಂಡ ಈ ಏರ್ಪಾಟು ಮಾಡಿದರು. ಗ್ಯಾಸು ಸೋರಿದರೆ ಒಲೆಯ ಪಕ್ಕದ ಸೆನ್ಸರ್ ತಿಳಿಸುತ್ತದೆ, ಸ್ಪೀಕರಿನಲ್ಲಿ ಅವರದೇ ದನಿ ಕೂಗುತ್ತದೆ: “ಅಮ್ಮಾ, ಗ್ಯಾಸು! ಆಫ್ ಮಾಡೇ!” ಅತ್ತೆ ಕೇಳಲೆಂದು ಹಳೆಯ ಹಾಡುಗಳನ್ನು ತುಂಬಿಸಲು ಡಿಸ್ಕನ್ನು ಎರವಲು ತಂದಿದ್ದರು. ಅದಾದ ವಾರದಲ್ಲೇ ಆಫೀಸಿನ ಮೆಟ್ಟಿಲ ಮೇಲೆ ಎದೆ ಹಿಡಿದು ಕುಳಿತವರು ಏಳಲಿಲ್ಲ.

ನಾನು ಕಂಪ್ಯೂಟರನ್ನು ಆರಿಸಿ, ಡಿಸ್ಕನ್ನು ಕಿತ್ತು, ಮತ್ತೆ ಚಾಲೂ ಮಾಡಿದೆ. ಕೆಂಪು ದೀಪ ಹತ್ತಿತು. ಅಷ್ಟು ಸಾಕೆಂದುಕೊಂಡೆ.

ಡಿಸ್ಕಿನ ಕೇಬಲ್ ಮರೆತದ್ದು ಬೀದಿಗಿಳಿದ ಮೇಲೆ ಗೊತ್ತಾಯಿತು. ತಿರುಗಿ ಹತ್ತಿದೆ. ನಮ್ಮ ಬಾಗಿಲ ಮುಂದೆಯೇ ಗ್ಯಾಸಿನ ವಾಸನೆ ಮೂಗಿಗೆ ಹೊಡೆಯಿತು.

ಅತ್ತೆ ಒಲೆಯ ಎದುರು ಕುರ್ಚಿ ಹಾಕಿಕೊಂಡು ಕುಳಿತಿದ್ದರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು.

“ಶ್! ಈಗ ಕೂಗ್ತಾನೆ.”

ಒಲೆಯ ಮೇಲೆ ಪಾತ್ರೆ ಇರಲಿಲ್ಲ. ಎರಡು ತಿರುಪುಗಳೂ ಪೂರ್ತಿ ತೆರೆದಿದ್ದವು.

ತಿರುಪುಗಳನ್ನು ಮುಚ್ಚಿದೆ. ಕಿಟಕಿಗಳನ್ನು ತೆರೆದೆ. ಅತ್ತೆಯ ರಟ್ಟೆ ಹಿಡಿದು ಬಾಲ್ಕನಿಗೆ ಎಳೆದುಕೊಂಡು ಹೋದೆ. ವಾಸನೆ ಹೋಗುವವರೆಗೂ ಯಾವ ಸ್ವಿಚ್ಚನ್ನೂ ಮುಟ್ಟಲಿಲ್ಲ. ಅವರು ಬೀದಿಯನ್ನೇ ನೋಡುತ್ತ ನಿಂತಿದ್ದರು.

“ನಿನ್ನೆ ಎರಡು ಸಲ ಕೂಗಿದ್ದ,” ಎಂದರು. “ನೀನು ಸ್ನಾನಕ್ಕೆ ಹೋದಾಗ.”

ಮನೆ ತಿಳಿಯಾದ ಮೇಲೆ ಕಂಪ್ಯೂಟರನ್ನು ಟೀವಿಗೆ ಜೋಡಿಸಿದೆ. ಕಪ್ಪು ಪರದೆ, ಬಿಳಿ ಅಕ್ಷರ. ಡಿಸ್ಕಿಗಾಗಿ ಕಾಯುತ್ತಿದೆ. ಡಿಸ್ಕು ಸಿಗಲಿಲ್ಲ. ಅಲ್ಲಿಗೇ ನಿಂತಿತ್ತು.

ಲಿನಕ್ಸಿನ ಜೊತೆ ಎಂ.ಎಸ್ಸಿ.ಯಲ್ಲಿ ಏಗಿದ್ದೆ. ನನ್ನ ಗಂಡ ಬರೆದಿಟ್ಟ ಸಾಲು ಬೇಗ ಸಿಕ್ಕಿತು: ಚಾಲೂ ಆದಾಗಲೆಲ್ಲ ಆ ಡಿಸ್ಕನ್ನು ತಾನಾಗಿಯೇ ಜೋಡಿಸಿಕೋ. ಡಿಸ್ಕು ಇಲ್ಲದಿದ್ದರೂ ಮುಂದೆ ಹೋಗು ಎನ್ನುವ ಪದವೊಂದಿದೆ, ‘ನೋಫೇಲ್’. ಅದನ್ನು ಹಾಕಿರಲಿಲ್ಲ. ಡಿಸ್ಕು ಇಲ್ಲದ ದಿನ ಬರುತ್ತದೆಂದು ಅವರಿಗೆ ತೋಚಿರಲಿಕ್ಕಿಲ್ಲ.

ಆ ಪದ ಸೇರಿಸಿದೆ. ಡಿಸ್ಕಿಲ್ಲದೆಯೇ ಕಂಪ್ಯೂಟರ್ ಎದ್ದಿತು. ಗ್ಯಾಸು ತುಂಬಿದ ಸಣ್ಣ ಲೈಟರನ್ನು ಸೆನ್ಸರಿನ ಮುಂದೆ ಹಿಡಿದು, ಹೊತ್ತಿಸದೆ ಗ್ಯಾಸು ಮಾತ್ರ ಬಿಟ್ಟೆ.

“ಅಮ್ಮಾ, ಗ್ಯಾಸು! ಆಫ್ ಮಾಡೇ!”

“ಬಂದೆ ಕಣೋ, ಬಂದೆ,” ಎನ್ನುತ್ತ ಅತ್ತೆ ಬಾಲ್ಕನಿಯಿಂದ ಓಡಿಬಂದರು. ಅವರು ಓಡಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಮತ್ತೆ ಕೀಲಿಮಣೆಯ ಮುಂದೆ ಕುಳಿತೆ. ಹಾಡುಗಳನ್ನೂ ಆ ದನಿಯನ್ನೂ ಒಂದು ಪೆನ್‌ಡ್ರೈವಿಗೆ ತುಂಬಿಸಿದೆ. ಚುಚ್ಚಿದ ಕೂಡಲೇ ಕಂಪ್ಯೂಟರು ಅದನ್ನು ತಾನೇ ಗುರುತಿಸಿ, ತೆರೆದು, ಮೊದಲು ದನಿ, ಆಮೇಲೆ ಹಾಡು ಕೇಳಿಸುವಂತೆ ಮಾಡಿದೆ. ಗ್ಯಾಸು ಸೋರಿದರೆ ಇನ್ನು ಬರೀ ಕೀಂ ಎನ್ನುವ ಸದ್ದು.

“ನೋಡಿ ಅತ್ತೆ, ಇದನ್ನ ಇಲ್ಲಿ ಚುಚ್ಚಿದ್ರೆ ಸಾಕು. ಎಷ್ಟು ಸಲ ಬೇಕಾದ್ರೂ ಕೇಳಬಹುದು.”

ಚುಚ್ಚಿ ತೋರಿಸಿದೆ. ದನಿ ಕೂಗಿತು. ಈ ಸಲ ಅವರು ಅಲುಗಲಿಲ್ಲ.

“ಗ್ಯಾಸು ಸೋರ್ತಿಲ್ವಲ್ಲ.”

“ಇಲ್ಲ ಅತ್ತೆ.”

“ಮತ್ತೆ ಇವನು ಯಾಕೆ ಕೂಗಿದ? ಸುಮ್‌ಸುಮ್ನೆ ಕೂಗೋನಲ್ಲ ನನ್ನ ಮಗ.” ಪೆನ್‌ಡ್ರೈವನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟರು. “ಇದು ಅವನಲ್ಲ ಬಿಡು. ನೀನು ಸ್ಟುಡಿಯೋಗೆ ಹೋಗ್ತಿದ್ಯಲ್ಲ, ಹೋಗಿ ಬಾ. ನಿಧಾನವಾಗಿ ಬಾ.”

ಕುರ್ಚಿ ಇನ್ನೂ ಒಲೆಯ ಎದುರೇ ಇತ್ತು.

ಕೆಳಗಿನ ಮನೆಯವರು ಬಂದು ಅವರ ಜೊತೆ ಕುಳಿತ ಮೇಲಷ್ಟೇ ಹೊರಟೆ.

ಸ್ಟುಡಿಯೋದಲ್ಲಿ ಫ್ಲ್ಯಾಶ್ ಒಬ್ಬನೇ ಇದ್ದ. ಎದ್ದು ನಿಂತ, ಸ್ಟೂಲು ಒರೆಸಿದ, ನನ್ನ ಕೈಯಿಂದ ಚೀಲ ಇಸಿದುಕೊಂಡ.

“ಭಾರ ಇದೆಯಲ್ಲ ಅತ್ತಿಗೆ. ನನ್ನ ಡಿಸ್ಕು ನಿಮ್ಮನೇಲಿ ಮೈ ತುಂಬ್ಕೊಂಡಿದ್ಯಾ?” ನಗಿಸಲು ನೋಡಿದ. ಒಳಗೆ ಕೈ ಹಾಕಿದವನು ಮೊದಲು ಹೊರತೆಗೆದದ್ದು ಸಿಲಿಂಡರಿನ ರೆಗ್ಯುಲೇಟರನ್ನು. ಅದರ ಹಿಂದೆಯೇ ರಬ್ಬರಿನ ಕೊಳವೆ ಬಂತು. ಅವನ ಕಣ್ಣುಗಳು ಪಟಪಟ ಬಡಿದುಕೊಂಡವು.

“ಇದನ್ನೂ ನನ್ನ ಹತ್ರಾನೇ ಇಸ್ಕೊಂಡಿದ್ನಾ?”

“ಇಲ್ಲ. ಅದು ನಮ್ಮದು.”

ಅವನ ಕೈಯಿಂದ ಅದನ್ನು ತೆಗೆದುಕೊಂಡು ಮತ್ತೆ ಚೀಲಕ್ಕೆ ಹಾಕಿದೆ. ಡಿಸ್ಕನ್ನೂ ಕೇಬಲನ್ನೂ ಮೇಜಿನ ಮೇಲಿಟ್ಟೆ.