ಮೂರಂತಸ್ತಿನ ಮುಖ

ಹೊಲಿಗೆ ಯಂತ್ರ ಎಂದಿನ ಜಾಗದಲ್ಲೇ ಇತ್ತು. ಅದರ ಹಿಂದೆ ಹೊಲಿಗೆಯಕ್ಕ ಇರಲಿಲ್ಲ. ಯಂತ್ರದ ಪಕ್ಕದಲ್ಲಿ, ಪಾದಚಾರಿ ದಾರಿಯ ಅಂಚಿಗೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ಗಂಡಸು ಕೂತು ಎದುರಿನ ಗೋಡೆಯನ್ನೇ ನೋಡುತ್ತಿದ್ದ. ತೊಡೆಯ ಮೇಲೆ ಮಡಿಸಿದ ಪತ್ರಿಕೆ.

ಗೋಡೆಯ ಮೇಲೆ ಮೂರಂತಸ್ತಿನ ಎತ್ತರಕ್ಕೆ ಹೊಲಿಗೆಯಕ್ಕನ ಮುಖವಿತ್ತು. ಹಲ್ಲಿನಲ್ಲಿ ದಾರ ಕಚ್ಚಿಕೊಂಡು ಓರೆಗಣ್ಣಲ್ಲಿ ನಗುವ ಮುಖ. ‘ನಮ್ಮ ಬೀದಿ, ನಮ್ಮ ಮುಖ’ ಯೋಜನೆಯ ಮೊದಲ ಚಿತ್ರ ಅದು. ನಗರಸಭೆಗೆ ಬರುವ ಕಲಾ ಅನುದಾನಗಳನ್ನು ನೋಡಿಕೊಳ್ಳಲು ಇದ್ದವಳು ಒಬ್ಬಳೇ. ಗೋಡೆ ಹುಡುಕಿ, ಮಾಲೀಕರ ಕೈಕಾಲು ಹಿಡಿದು, ಚಿತ್ರಕಾರರನ್ನು ಕರೆತಂದು, ಕೊನೆಗೆ ಅನುದಾನ ಕೊಟ್ಟವರಿಗೆ ವರದಿ ಬರೆಯುವವಳೂ ಅವಳೇ. ಹಾಗಾಗಿ ಕಚೇರಿಯಲ್ಲೂ ಬೀದಿಯಲ್ಲೂ ಅವಳಿಗೆ ಗೋಡೆ ಮೇಡಂ ಎಂದೇ ಹೆಸರು. “ಗೋಡೆಗೂ ಕಿವಿ ಇರುತ್ತೆ, ನಮ್ಮ ಮೇಡಂಗೆ ಮಾತ್ರ ಇಲ್ಲ” ಎಂದು ಗುಮಾಸ್ತರು ನಗಾಡುತ್ತಿದ್ದರು. ಅವಳೂ ನಗುತ್ತಿದ್ದಳು.

ಅನುದಾನ ಕೊಟ್ಟವರು ಸೋಮವಾರ ಪರಿಶೀಲನೆಗೆ ಬರುವವರಿದ್ದರು. ವರದಿಗೆ ನಾಲ್ಕು ಫೋಟೊ ತೆಗೆಯೋಣವೆಂದು ಅವಳು ಫೋನೆತ್ತಿದಾಗ ಆ ಗಂಡಸು ಮರ್ಯಾದೆಯಿಂದ ಎದ್ದು ನಿಂತ.

“ಈ ಚಿತ್ರದಲ್ಲಿರೋರು ನಿಮಗೆ ಗೊತ್ತಾ ಮೇಡಂ?”

“ಯಾಕೆ?”

“ನನ್ನ ಹೆಂಡ್ತಿ. ಹನ್ನೊಂದು ವರ್ಷ ಆಯ್ತು, ಕೈಗೂಸನ್ನ ಎತ್ಕೊಂಡು ಹೇಳದೆ ಕೇಳದೆ ಹೊರಟುಹೋದ್ಳು. ನಾನು ಹುಡುಕದ ಊರಿಲ್ಲ. ಮೊನ್ನೆ ಪೇಪರಲ್ಲಿ ಬಂತು. ಬೀದಿ ಹೆಸರು ಸಮೇತ ಹಾಕಿದಾರೆ, ಪುಣ್ಯಾತ್ಮರು.”

ವರದಿಗಾರನಿಗೆ ಬೀದಿಯ ಹೆಸರನ್ನು ತಪ್ಪಾಗಬಾರದೆಂದು ಎರಡು ಸಲ ಹೇಳಿದ್ದವಳು ಅವಳೇ.

“ಅದು ಯಾರ ಮುಖಾನೂ ಅಲ್ಲ. ಚಿತ್ರಕಾರ ಮನಸ್ಸಿಂದ ಬರೆದದ್ದು.”

ಅವನು ಮೆಲ್ಲಗೆ ನಕ್ಕ. “ದಿನಾ ಇಲ್ಲೇ ಕೂರ್ತಾಳಂತಲ್ಲ, ಹೂವಿನವರು ಹೇಳಿದ್ರು. ಬರ್ತಾಳೆ ಬಿಡಿ. ಯಂತ್ರ ಬಿಟ್ಟು ಎಲ್ಲಿಗೆ ಹೋಗ್ತಾಳೆ?” ಮತ್ತೆ ಕತ್ತೆತ್ತಿ ಗೋಡೆ ನೋಡಿದ. “ಚೆನ್ನಾಗಿ ಬರೆದಿದಾರೆ. ಕಿವಿ ಕೆಳಗಿನ ಸುಟ್ಟ ಕಲೆ ನೋಡಿ, ಅಚ್ಚೊತ್ತಿದ ಹಾಗೇ ಬಂದಿದೆ.”

ತಾನೇ ಹೆಣೆದ ಬುಟ್ಟಿಯನ್ನು ಯಾರದೋ ಅಂಗಡಿಯಲ್ಲಿ ಗುರುತು ಹಿಡಿದವನ ದನಿ ಅದು. ಗೋಡೆ ಮೇಡಂ ಫೋನು ಕೆಳಗಿಳಿಸಿದಳು. ಮೊದಲ ಕರಡಿನಲ್ಲಿ ಚಿತ್ರಕಾರ ಆ ಕಲೆಯನ್ನು ಬಿಟ್ಟಿದ್ದ. “ಇರಲಿ ಹಾಕಿ, ಅದರಿಂದಲೇ ಮುಖಕ್ಕೊಂದು ಜೀವ” ಎಂದು ಹಾಕಿಸಿದವಳೂ ಅವಳೇ.

“ಮೇಡಂ, ನಿಮ್ಮ ಮಾತ್ರೆ ಬಂದಿದೆ!” ಔಷಧಿ ಅಂಗಡಿಯವರು ಕೂಗಿದರು. ಅವಳು ಯಾವ ಮಾತ್ರೆಯನ್ನೂ ಹೇಳಿರಲಿಲ್ಲ.

ಅಂಗಡಿಯ ಹಿಂದಿನ ಕೋಣೆಯಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ, ಹೊಲಿಗೆಯಕ್ಕ ಮೊಣಕಾಲಪ್ಪಿಕೊಂಡು ಕೂತಿದ್ದಳು. ಬೆಳಗ್ಗೆ ಯಂತ್ರದ ಹೊದಿಕೆ ತೆಗೆಯುವಾಗಲೇ ಅವನು ಬಸ್ಸಿಳಿಯುವುದನ್ನು ಕಂಡು ಇಲ್ಲಿಗೆ ನುಗ್ಗಿದ್ದಳಂತೆ.

“ನಾನು ಬೇಡ ಅಂದಿದ್ದೆ ಅಲ್ವಾಮ್ಮ?”

“ಹೌದು.”

“ಯಾಕೆ ಅಂತ ನೀವು ಕೇಳಲೇ ಇಲ್ಲ.”

ಮೂರು ಸಲ ಬೇಡ ಎಂದಿದ್ದಳು. “ಮುಖ ಬೇಡಮ್ಮ, ಬೇಕಾದ್ರೆ ಕೈ ಬರೀರಿ” ಎಂದೂ ಹೇಳಿದ್ದಳು. ಆದರೆ ಅನುದಾನದ ಷರತ್ತಿನಲ್ಲಿ ಸ್ಥಳೀಯರ ಮುಖವೆಂದಿತ್ತು, ಶುಕ್ರವಾರದೊಳಗೆ ಒಪ್ಪಿಗೆ ಪತ್ರ ಹೋಗಬೇಕಿತ್ತು. ನಾಲ್ಕನೆಯ ಸಲ ಗೋಡೆ ಮೇಡಂ, “ಇದೊಂದು ಮಾಡಿಕೊಡಿ ಅಕ್ಕ, ಒತ್ತುವರಿ ತೆರವಿನ ಲಾರಿ ನಿಮ್ಮ ಹತ್ರ ಸುಳಿಯದ ಹಾಗೆ ನಾನು ನೋಡ್ಕೋತೀನಿ” ಎಂದಿದ್ದಳು. ಹೊಲಿಗೆಯಕ್ಕ ಸ್ವಲ್ಪ ಹೊತ್ತು ಯಂತ್ರದ ಚಕ್ರದ ಮೇಲೆ ಕೈಯಿಟ್ಟು ಕೂತು, ಆಮೇಲೆ ಸಹಿ ಹಾಕಿದ್ದಳು. ಉಪಕಾರವೆಂದುಕೊಂಡು ಆಡಿದ ಆ ಮಾತು ಕೇಳುವ ಕಿವಿಗೆ ಬೆದರಿಕೆಯಾಗಿತ್ತೆಂದು ಗೋಡೆ ಮೇಡಂಗೆ ಹೊಳೆದದ್ದು ಈಗ.

“ಪೊಲೀಸರಿಗೆ ಹೇಳೋಣ” ಎಂದಳು.

“ಏನಂತ? ದಾರೀಲಿ ಕೂತಿದಾನೆ ಅಂತಲಾ?” ಹೊಲಿಗೆಯಕ್ಕ ಕಣ್ಣೊರೆಸಿಕೊಂಡಳು. “ಈ ಅಂಗಡಿಯವರ ತಂಗಿ ಮನೆ ಆಚೆ ಬಡಾವಣೇಲಿದೆ, ಅಲ್ಲಿಗೆ ಹೋಗ್ತೀನಿ. ಮಗಳೂ ಶಾಲೆಯಿಂದ ನೇರ ಅಲ್ಲಿಗೇ ಬರ್ತಾಳೆ. ನನಗೆ ಯಂತ್ರ ಬೇಕು. ಅದೊಂದಿದ್ರೆ ಎಲ್ಲಾದ್ರೂ ಬದುಕ್ತೀನಿ.”

ಆದರೆ ಅವನು ಯಂತ್ರದ ಪಕ್ಕದಿಂದ ಕದಲುವವನಲ್ಲ. ಯಾರು ಒಯ್ದರೂ ಬೆನ್ನು ಹತ್ತುವವನು. ಗೋಡೆ ಮೇಡಂ ಒತ್ತುವರಿ ವಿಭಾಗಕ್ಕೆ ಫೋನು ಮಾಡಿದಳು.

ಲಾರಿ ಬಂತು. “ಇದನ್ನ ಮುಟ್ಟಬೇಡಿ ಅಂತ ನೀವೇ ಅಂದಿದ್ರಲ್ಲ ಮೇಡಂ?” ಎಂದು ಮೇಸ್ತ್ರಿ ತಲೆ ಕೆರೆದುಕೊಂಡ.

“ಈಗ ನಾನೇ ಹೇಳ್ತಿದೀನಿ. ಎತ್ತಿ.”

ನಾಲ್ಕು ಜನ ಯಂತ್ರ ಎತ್ತಿದ ಕೂಡಲೇ ಬೀದಿಗೆ ಬೀದಿಯೇ ಸೇರಿತು. ಹೂವು ಮಾರುವವಳು ಮೊರ ಬಿಟ್ಟು ಓಡಿಬಂದಳು. “ಅಯ್ಯೋ, ಅಕ್ಕ ಎಲ್ಲೋ ಈಗ ಬಂದುಬಿಡ್ತಾರೆ, ಸ್ವಲ್ಪ ತಡೀರಿ! ಮುಖ ಗೋಡೆಗೇರಿಸಿ ಹೊಟ್ಟೆ ಮೇಲೆ ಹೊಡೀತೀರಲ್ಲ, ನೀವೂ ಒಂದು ಹೆಂಗಸಾ? ನಿಮ್ಮ ಬಾಯಿಗೆ ಮಣ್ಣು ಹಾಕ!”

ಸರಿಯಾಗಿಯೇ ಬೈಯುತ್ತಿದ್ದಾಳೆ ಎಂದು ಗೋಡೆ ಮೇಡಂಗೆ ಅನ್ನಿಸಿತು.

“ಎಲ್ಲಿಗೆ ಒಯ್ತೀರಿ?” ಆ ಗಂಡಸು ಹತ್ತಿರ ಬಂದ.

“ನಗರಸಭೆ ಉಗ್ರಾಣಕ್ಕೆ. ದಂಡ ಕಟ್ಟಿದವರಿಗೆ ವಾಪಸ್ ಕೊಡ್ತೀವಿ.”

“ಗಂಡ ಆದೋನು ಕಟ್ಟಬಹುದಾ?”

“ಅವರೇ ಬರಬೇಕು. ಸೋಮವಾರ, ಹನ್ನೊಂದು ಗಂಟೆ ಮೇಲೆ.”

ಅವನು ಪತ್ರಿಕೆಯ ಅಂಚಿನಲ್ಲಿ ಬರೆದುಕೊಂಡ. ಎಲ್ಲರೂ ಲಾರಿಯ ಸುತ್ತ ಮುಗಿಬಿದ್ದಿದ್ದಾಗ ಔಷಧಿ ಅಂಗಡಿಯ ಹಿಂದೆಲ್ಲೋ ಚಿಲಕ ತೆಗೆದ ಸದ್ದು ಕೇಳಿಸಿತು. ಗೋಡೆ ಮೇಡಂ ಆ ಕಡೆ ತಿರುಗಲಿಲ್ಲ. ಇನ್ನೊಂದಿಷ್ಟು ಬೈಸಿಕೊಳ್ಳುತ್ತ ಅಲ್ಲೇ ನಿಂತಳು.

ಮಧ್ಯಾಹ್ನ ಕಚೇರಿಯಲ್ಲಿ ಸಾಹೇಬರ ಮುಂದೆ ನಿಂತು, ಇವತ್ತೇ ಆ ಮುಖವನ್ನು ಅಳಿಸಬೇಕು ಎಂದಳು.

“ತಲೆ ನೆಟ್ಟಗಿದೆಯಾ? ಸೋಮವಾರ ಬರೋರಿಗೆ ಏನು ತೋರಿಸ್ತೀರಿ?”

“ನಡೆದದ್ದನ್ನ ವರದೀಲಿ ಬರೀತೀನಿ ಸಾರ್.”

“ಬರೆದ್ರೆ ಮುಂದಿನ ಅನುದಾನಕ್ಕೆ ಎಳ್ಳುನೀರು. ಗೋಡೆ ತೇವ ಹಿಡೀತು, ಬಣ್ಣ ಕಿತ್ತು ಬಂತು ಅಂತ ಹಾಕಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.”

ಅವಳು ತನ್ನ ಮೇಜಿಗೆ ಹೋಗಿ ಬರೆದಳು. ಒಪ್ಪಿಗೆ ಎಂಬ ಕಾಲಮ್ಮಿನಲ್ಲಿ ಮೊದಲು ‘ಪಡೆಯಲಾಗಿದೆ’ ಎಂದಿದ್ದುದನ್ನು ಹೊಡೆದು, ‘ಇರಲಿಲ್ಲ; ನಾನು ಬಲವಂತದಿಂದ ಪಡೆದೆ’ ಎಂದು ಬರೆದು ಸಹಿ ಹಾಕಿದಳು. ಬರೆದು ಮುಗಿಸಿದ ಮೇಲೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು; ಆಗಲಿಲ್ಲ. ಅತ್ತ ಚಿತ್ರಕಾರ ಒಂದೂ ಪ್ರಶ್ನೆ ಕೇಳದೆ ಬೂದು ಬಣ್ಣ ಕಲೆಸಿಕೊಂಡು ಅಟ್ಟಣೆ ಹತ್ತಿದ. ಮೊದಲು ಕಿವಿಯ ಕೆಳಗಿನಿಂದ ಬಳಿಯತೊಡಗಿದನಂತೆ.

ಗೋಡೆ ಮೇಡಂ ತಾನೇ ದಂಡ ಕಟ್ಟಿ ಉಗ್ರಾಣದಿಂದ ಯಂತ್ರ ಬಿಡಿಸಿ, ಔಷಧಿ ಸಾಗಿಸುವ ವ್ಯಾನಿನಲ್ಲಿ ಆಚೆ ಬಡಾವಣೆಗೆ ತಲುಪಿಸುವಾಗ ಸಂಜೆ ಐದಾಗಿತ್ತು. ಕಿಟಕಿಯ ಹತ್ತಿರ ಯಂತ್ರ ಇಳಿಸುತ್ತಲೇ ಹೊಲಿಗೆಯಕ್ಕ ಎಣ್ಣೆ ಬಿಟ್ಟು, ದಾರ ಪೋಣಿಸಿ, ಚಿಂದಿಯೊಂದನ್ನಿಟ್ಟು ಉದ್ದಕ್ಕೆ ಒಂದು ಹೊಲಿಗೆ ಹಾಕಿ ನೋಡಿದಳು. ಒಳಗಿನ ಕೋಣೆಯಲ್ಲಿ ಮಗಳು ಗಟ್ಟಿಯಾಗಿ ಪಾಠ ಓದಿಕೊಳ್ಳುತ್ತಿದ್ದಳು.

“ನನ್ನಿಂದ ತಪ್ಪಾಯ್ತು ಅಕ್ಕ. ಗೋಡೆ ಮೇಲಿಂದ ಅಳಿಸ್ತಿದಾರೆ.”

ಹೊಲಿಗೆಯಕ್ಕ ಚಿಂದಿಯನ್ನು ತಿರುಗಿಸಿ ಇನ್ನೊಂದು ಹೊಲಿಗೆ ಹಾಕಿದಳು.

“ಆ ಬೀದೀಲಿ ನನ್ನ ಗುರುತಿನೋರು ಇಷ್ಟು ಜನ ಆಗೋಕೆ ಎಂಟು ವರ್ಷ ಹಿಡೀತಮ್ಮ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. “ಇಲ್ಲಿ ನಾಳೆಯಿಂದ ಶುರು ಮಾಡಬೇಕು.”

“ಏನಾದ್ರೂ ಬೇಕಾದ್ರೆ… ನಡುನಡುವೆ ಬಂದು ಹೋಗಲಾ?”

“ಬೇಡ. ನಿಮ್ಮ ಬೆನ್ನ ಹಿಂದೆ ಯಾರಾದ್ರೂ ಬಂದಾರು.”

ಗೋಡೆ ಮೇಡಂ ಹೊರಗೆ ಬಂದಳು. ಮನೆ ಕಡೆಯ ಬಸ್ಸು ನಿಲ್ದಾಣದಲ್ಲೇ ನಿಂತಿತ್ತು. ಅದನ್ನು ಬಿಟ್ಟು ಎದುರು ದಿಕ್ಕಿನದನ್ನು ಹತ್ತಿದಳು. ಎರಡು ನಿಲ್ದಾಣ ಕಳೆದು ಇಳಿದು, ಗೊತ್ತಿಲ್ಲದ ಒಂದು ಕನ್ನಡಕದಂಗಡಿಯ ಗಾಜಿನ ಮುಂದೆ ನಿಂತಳು. ಚೌಕಟ್ಟುಗಳನ್ನು ಆರಿಸುವವಳ ಹಾಗೆ ಬಗ್ಗಿ, ಗಾಜಿನಲ್ಲಿ ಕಾಣುವ ತನ್ನ ಹಿಂದಿನ ಬೀದಿಯನ್ನು ನೋಡಿದಳು. ಒಬ್ಬ ಮುದುಕ ಸೈಕಲ್ ತಳ್ಳಿಕೊಂಡು ದಾಟಿಹೋದ. ಇಬ್ಬರು ಹೆಂಗಸರು ಚೀಲಗಳನ್ನು ಕೈಯಿಂದ ಕೈಗೆ ಬದಲಿಸಿಕೊಂಡು ಮುಂದೆ ನಡೆದರು. ಆಮೇಲೆ ಬೀದಿ ಖಾಲಿಯಾಯಿತು. ಒಳಗಿನಿಂದ ಅಂಗಡಿಯವನು ಬನ್ನಿ ಎಂದು ಕೈ ಮಾಡಿದ. ಅವಳು ತಲೆಯಾಡಿಸಿ, ಮತ್ತೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು.